ಅಪ್‌ಡೇಟ್: ಬ್ಯಾರನ್ ಬೇಡವೆಂದೆವು, ವಿಮಾನದ ಆಸೆ ಬಿಟ್ಟಿಲ್ಲ

ಬೆಳಗಾವಿಯ ನಮ್ಮ ಫೌಂಡ್ರಿ ಕೆಲಸಕ್ಕೆ ಬೆಂಗಳೂರು, ಹೈದರಾಬಾದ್ ಓಡಾಟ ಜಾಸ್ತಿ, ಹಳೆಯ ಬೀಚ್‌ಕ್ರಾಫ್ಟ್ ಬ್ಯಾರನ್ 58 (ಎರಡು ಎಂಜಿನ್, ಆರು ಸೀಟಿನ ಸಣ್ಣ ವಿಮಾನ) ಕೊಳ್ಳಬಹುದೇ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಶರಣು.

ಕೊಳ್ಳಲಿಲ್ಲ. ಬೆಲೆ ಎಟುಕುತ್ತಿತ್ತು, ಸಾಕುವುದೇ ಕಷ್ಟ. ಎರಡೂ ಎಂಜಿನ್ ಸೇರಿ ಗಂಟೆಗೆ 100 ಲೀಟರ್ ಮೇಲೆಯೇ ಕುಡಿಯುತ್ತವೆ, ಅದೂ ಆವ್‌ಗ್ಯಾಸ್, ಅಂದರೆ ಸಣ್ಣ ವಿಮಾನಗಳ ಪೆಟ್ರೋಲ್. ನಮ್ಮ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಬರುವ ಪ್ರಯಾಣಿಕ ವಿಮಾನಗಳ ಇಂಧನವೇ ಬೇರೆ. ಡ್ರಮ್ ತರಿಸಿಡುವ ಜಂಜಾಟ ಯಾರಿಗೆ ಬೇಕು? ಓವರ್‌ಹಾಲ್, ಪ್ರೊಪೆಲ್ಲರ್ ಎಲ್ಲ ಜೋಡಿ ಲೆಕ್ಕ. ಹಾರಿಸದೆ ನಿಲ್ಲಿಸಿದರೂ ವಿಮೆ, ಹ್ಯಾಂಗರ್ ಬಾಡಿಗೆ ತಪ್ಪದು. ನಮ್ಮ ಮಳೆಗಾಲದ ತೇವಕ್ಕೆ ನಿಂತ ಎಂಜಿನ್ ಒಳಗೇ ತುಕ್ಕು ಹಿಡಿಯುತ್ತದೆ.

"ಎರಡು ಎಂಜಿನ್ ಇದ್ರ ಅಂಜಿಕಿ ಇಲ್ಲ" ಅಂತಿದ್ದ ನಮ್ಮಣ್ಣ. ಟೇಕಾಫ್ ಆದ ಕೂಡಲೇ ಒಂದು ನಿಂತರೆ ಇನ್ನೊಂದು ವಿಮಾನವನ್ನು ಪಕ್ಕಕ್ಕೆ ತಿರುಗಿಸಿಬಿಡುತ್ತದೆ, ಅಭ್ಯಾಸ ತಪ್ಪಿದ ಪೈಲಟ್‌ಗೆ ಅದೇ ಗಂಡಾಂತರ ಅಂತ ಬೋಧಕರೊಬ್ಬರು ವಿವರಿಸಿದ ಮೇಲೆ ಸುಮ್ಮನಾದ.

ಈಗ ಕಣ್ಣು ಡೈಮಂಡ್ ಡಿಎ42 ಎಂಬ ಇನ್ನೊಂದು ಜೋಡಿ ಎಂಜಿನ್ ವಿಮಾನದ ಮೇಲೆ. ಅದರ ಡೀಸೆಲ್ ಎಂಜಿನ್‌ಗಳಿಗೆ ಪ್ರಯಾಣಿಕ ವಿಮಾನಗಳಿಗೆ ಹಾಕುವ ಜೆಟ್ ಎ-1 ನಡೆಯುತ್ತದೆ, ಕುಡಿಯುವುದೂ ಹೆಚ್ಚುಕಡಿಮೆ ಅರ್ಧ. ಸೀಟು ಮಾತ್ರ ನಾಲ್ಕೇ. ಪಾಲುದಾರರು ಸಿಕ್ಕರೆ ಮುಂದಿನ ಮಾತು. ಸದ್ಯಕ್ಕೆ ಸಾಂಬ್ರಾದಿಂದ ಟಿಕೆಟ್ ತೆಗೆದುಕೊಂಡೇ ಹೋಗುತ್ತೇವೆ; ಅವ್ವಗಂತೂ ಅದೇ ಸಮಾಧಾನ.