ಚೆಂಡೆ ಪೆಟ್ಟು ಕೈಗೆ ಬರೀ "ಗುರ್ರ್" ಅಂತ ಬರ್ತದೆ, ಅದೂ ತಡವಾಗಿ. ಎಂತ ಮಾಡುದು?

ಮಲ್ಪೆಗಾಳಿ (ಉಡುಪಿ):
ನನಗೆ ಕಾಕ್ಲಿಯರ್ ಇಂಪ್ಲಾಂಟ್ (ಒಳಕಿವಿಯ ನರಕ್ಕೆ ವಿದ್ಯುತ್ತಿನಿಂದ ಸದ್ದು ಮುಟ್ಟಿಸುವ ಸಾಧನ) ಆಗಿ ಎರಡು ವರ್ಷ. ಮಾತು ಚೆನ್ನಾಗಿ ಸಿಗ್ತದೆ. ಯಕ್ಷಗಾನ ಮಾತ್ರ ಡಬ್ಬಿಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಬಯಲಾಟದಲ್ಲಿ ರಂಗಸ್ಥಳದ ಪಕ್ಕ ಕೂತರೆ ಪೆಟ್ಟು ಎದೆಗೇ ಬಡೀತದೆ, ಆಗ ಕಿವಿಗೂ ಎಷ್ಟೋ ಬಿಡಿಸಿ ಕೇಳ್ತದೆ. ಮನೆಯಲ್ಲೂ ಹಾಗೆ ಆಗ್ಲಿ ಅಂತ ಹಳೇ ಮೊಬೈಲನ್ನು ವೈಬ್ರೇಟ್ ಮಾಡುವ ಕಾಯಿನ್ ಮೋಟಾರು ಮಣಿಕಟ್ಟಿಗೆ ಕಟ್ಟಿದ್ದೇನೆ. ಲ್ಯಾಪ್‌ಟಾಪಿನಿಂದ ಸ್ಪೀಕರಿಗೆ ವಯರು, ಮೋಟಾರು ನಡೆಸುವ ಇಎಸ್‌ಪಿ32 ಬೋರ್ಡಿಗೆ ಬ್ಲೂಟೂತ್. ಪೆಟ್ಟೆಲ್ಲ ಒಂದಕ್ಕೊಂದು ಅಂಟಿಕೊಂಡು ಬರ್ತದೆ, ಅದೂ ಕಿವಿಗೆ ಬಿದ್ದ ಮೇಲೆ.

ಪಣಂಬೂರು78:
ವೋಲ್ಟೇಜ್ ಏರಿಸಿ ನೋಡಿ.

ಕುಡ್ಲದ_ಬೆಸುಗೆ (ಮಂಗಳೂರು):
ಬೇಡ ಮಾರಾಯ್ರೆ, ಮೋಟಾರು ಸುಡ್ತದೆ ಅಷ್ಟೇ. ಇಲ್ಲಿ ಎರಡು ಬೇರೆ ಬೇರೆ ರೋಗ ಉಂಟು.

ತಡ ಬ್ಲೂಟೂತಿನದ್ದು. ಸಾಮಾನ್ಯ ಬ್ಲೂಟೂತಿನಲ್ಲಿ 100ರಿಂದ 200 ಮಿಲಿಸೆಕೆಂಡ್ ಹೋಗ್ತದೆ. ಸ್ಪೀಕರಿಗೆ ಹೋಗುವ ವಯರಿನಿಂದಲೇ ಕವಲು ತೆಗೆದು ಬೋರ್ಡಿಗೆ ಕೊಡಿ. ಮುಂದೆ ಇಂಪ್ಲಾಂಟಿನ ಹೊರಗಿನ ಪ್ರೊಸೆಸರಿಗೇ ಬ್ಲೂಟೂತಿನಲ್ಲಿ ನೇರ ಸ್ಟ್ರೀಮ್ ಮಾಡಿದರೆ ಲೆಕ್ಕ ಉಲ್ಟಾ, ಕಿವಿಗೇ ತಡ, ಆಗ ಕಂಪನವನ್ನೇ ಕೋಡಿನಲ್ಲಿ ಅಷ್ಟು ತಡಮಾಡಿ ಕಳಿಸಬೇಕು.

"ಗುರ್ರ್" ಮೋಟಾರಿನದ್ದು. ಕಾಯಿನ್ ಮೋಟಾರಿನೊಳಗೆ ಓರೆ ತೂಕ ತಿರುಗುವುದು. ವೇಗ ಹಿಡಿಯಲಿಕ್ಕೇ ಹತ್ತಾರು ಮಿಲಿಸೆಕೆಂಡ್, ನಿಲ್ಲಲಿಕ್ಕೆ ಮತ್ತೆ ಅಷ್ಟು. ಸೆಕೆಂಡಿಗೆ ಎಂಟು ಪೆಟ್ಟು ಬಿದ್ದರೆ ನಡುವೆ ಸಿಗುವುದೇ 125 ಮಿಲಿಸೆಕೆಂಡ್. ಒಂದು ನಿಲ್ಲುವ ಮೊದಲು ಇನ್ನೊಂದು! ಸಣ್ಣ ಆಡಿಯೋ ಎಕ್ಸೈಟರ್ (ಅಂಟಿಸಿದ ಹಲಗೆಯನ್ನೇ ನಡುಗಿಸುವ, ಕೋನ್ ಇಲ್ಲದ ಸ್ಪೀಕರ್) ಹಾಕಿ, ಪಿಎಎಂ8403 ಆಂಪ್ ಸಾಕು.

ಇನ್ನು ಇಡೀ ಹಾಡನ್ನು ಹಾಗೇ ಅದಕ್ಕೆ ಸುರಿಯಬೇಡಿ. ಬೇಸ್ ಮಾತ್ರ ಕಳಿಸುವ ಅಂತ ಲೋ-ಪಾಸ್ (ಕೆಳಗಿನ ಆವರ್ತನ ಮಾತ್ರ ಬಿಡುವ ಫಿಲ್ಟರ್) ಹಾಕಿದ್ದೇ ನಾನು ಮಾಡಿದ ದಡ್ಡತನ: ಮದ್ದಳೆಯ ಎಡಬದಿ ಉಳಿಯಿತು, ಚೆಂಡೆಯೇ ಮಾಯ! ಅದರ ಪೆಟ್ಟಿನ ಚುರುಕೆಲ್ಲ ಮೇಲಿನ ಆವರ್ತನದಲ್ಲಿ. ಚರ್ಮಕ್ಕೆ ಚೆನ್ನಾಗಿ ತಿಳಿಯುವುದು ಸುಮಾರು 250 ಹರ್ಟ್ಸ್, 1000 ದಾಟಿದರೆ ಹೆಚ್ಚುಕಮ್ಮಿ ಏನೂ ಇಲ್ಲ. ಹಾಗಾಗಿ ಚೆಂಡೆಯ ಸದ್ದಿನ ಜೋರಿನ ಏರಿಳಿತವನ್ನು, ಅಂದರೆ ಎನ್ವೆಲಪ್ ಅನ್ನು ಮಾತ್ರ ತೆಗೆದು, 250 ಹರ್ಟ್ಸ್ ಅಲೆಯ ಮೇಲೆ ಕೂರಿಸಿ.

ಎಕ್ಸೈಟರಿನಲ್ಲಿ ಗಟ್ಟಿ ಅಯಸ್ಕಾಂತ ಉಂಟು. ತಲೆಯ ಹತ್ತಿರ, ತಲೆಗೆ ಅಂಟುವ ಇಂಪ್ಲಾಂಟಿನ ಕಾಯಿಲಿನ ಹತ್ತಿರ ತರಲೇಬೇಡಿ.

ಮಲ್ಪೆಗಾಳಿ:
ಭಾನುವಾರ ಇಡೀ ಅದೇ ಕೆಲಸ. ಎಕ್ಸೈಟರನ್ನು ಪ್ಲೈವುಡ್ ತುಂಡಿಗೆ ಅಂಟಿಸಿ ಅಂಗೈ ಇಟ್ಟೆ. ಪೆಟ್ಟು ಬಿಡಿಬಿಡಿ! ತಾಳ ಬದಲಾದದ್ದು ಕಣ್ಣು ಮುಚ್ಚಿ ಹೇಳಿದೆ. ಮೇಜಿನ ಮೇಲಿನ ಸ್ಟೀಲ್ ಲೋಟವೂ ಕುಣಿಯಿತು, ಅಮ್ಮ ಬೈದರು. ಆದರೆ ಭಾಗವತರ ಪದ ಇನ್ನೂ ಒಂದೇ ಸ್ವರ.

ಕುಡ್ಲದ_ಬೆಸುಗೆ:
ಅದು ಇಂಪ್ಲಾಂಟಿನ ಮಿತಿ. ಲಯ ಚೆನ್ನಾಗಿ ದಾಟಿಸ್ತದೆ, ಶ್ರುತಿ ಇಲ್ಲ. ಒಳಕಿವಿಯೊಳಗಿನ ಹನ್ನೆರಡರಿಂದ ಇಪ್ಪತ್ತೆರಡು ಎಲೆಕ್ಟ್ರೋಡಿನಲ್ಲಿ ರಾಗದ ಬಳುಕು ಹಿಡಿಯುವುದು ಕಷ್ಟ. ಕಂಠದ ಮೂಲ ಆವರ್ತನವನ್ನು (ಸ್ವರದ ಎತ್ತರ ತೀರ್ಮಾನಿಸುವ ಆವರ್ತನ) ಕಂಪನವಾಗಿ ಬೆರಳಿಗೆ ಕೊಟ್ಟರೆ ಸ್ವರದ ಏರಿಳಿತ ಗುರುತಿಸುವುದು ಸುಧಾರಿಸ್ತದೆ ಅಂತ ಸಂಶೋಧನೆಯಲ್ಲಿ ಕಂಡಿದ್ದಾರೆ. ಇನ್ನೊಂದು ಎಕ್ಸೈಟರ್ ಬೇರೆ ಹಲಗೆಗೆ ಅಂಟಿಸಿ, ಕಂಠದ್ದು ಅದಕ್ಕೆ, ಒಂದು ಸ್ಥಾಯಿ ಇಳಿಸಿ. ಎರಡನ್ನೂ ಒಂದೇ ಹಲಗೆಗೆ ಹಾಕಿದರೆ ಚೆಂಡೆ ಅದನ್ನು ನುಂಗ್ತದೆ.

ಮಲ್ಪೆಗಾಳಿ:
ಎಡಗೈಗೆ ಚೆಂಡೆ, ಬಲಗೈಗೆ ಭಾಗವತರು. ಚಾ ಲೋಟ ಯಾರು ಹಿಡಿಯುದು?

ಕುಡ್ಲದ_ಬೆಸುಗೆ:
ಚೆಂಡೆ ಕಾಲಿನ ಅಡಿಗೆ ಹಾಕಿ.