ಬಾಡಿಗೆ ಕಂಪ್ಯೂಟರ್ ಮರಳಿಸುವ ಮೊದಲು ಹಾರ್ಡ್ ಡಿಸ್ಕನ್ನು ಪೂರ್ತಿ ಅಳಿಸುವುದು ಹೇಗೆ?

ಪ್ರಶ್ನೆ (ನವನಗರ, ಬಾಗಲಕೋಟೆ)

ನಮಸ್ಕಾರ. ನಾನು ಇಲ್ಲಿ ತೆರಿಗೆ ಸಲಹೆಯ ಸಣ್ಣ ಕಚೇರಿ ನಡೆಸುತ್ತಿದ್ದೇನೆ. ಬಾಡಿಗೆಗೆ ತಂದ ಎರಡು ಡೆಸ್ಕ್‌ಟಾಪ್ ಹಾಗೂ ಒಂದು ಲ್ಯಾಪ್‌ಟಾಪನ್ನು ತಿಂಗಳ ಕೊನೆಗೆ ಮಾಲೀಕರಿಗೆ ಒಪ್ಪಿಸಬೇಕಾಗಿದೆ. ಕರಾರಿನಂತೆ ಅವು ಚಾಲ್ತಿ ಸ್ಥಿತಿಯಲ್ಲಿರಬೇಕು, ಆದ್ದರಿಂದ ಡಿಸ್ಕ್ ಒಡೆಯುವ ಮಾತಿಲ್ಲ. ಇಳಕಲ್ಲಿನ ಸೀರೆ ವ್ಯಾಪಾರಿಗಳು, ಮುಧೋಳದ ಕಡೆ ಕಬ್ಬು ಸಾಗಿಸುವ ಲಾರಿ ಮಾಲೀಕರು ನಂಬಿ ಕೊಟ್ಟ ಪ್ಯಾನ್, ಆಧಾರ್, ಪಾಸ್‌ಬುಕ್ ಪ್ರತಿಗಳೆಲ್ಲ ಅವುಗಳಲ್ಲಿವೆ. ಎಲ್ಲವನ್ನೂ ಡಿಲೀಟ್ ಮಾಡಿ, ರೀಸೈಕಲ್ ಬಿನ್ ಬರಿದು ಮಾಡಿ, ಡಿ ಡ್ರೈವನ್ನು ಕ್ವಿಕ್ ಫಾರ್ಮ್ಯಾಟ್ ಮಾಡಿದ ಮೇಲೆ ಪರೀಕ್ಷೆಗೆಂದು ಒಂದು ಉಚಿತ ರಿಕವರಿ ತಂತ್ರಾಂಶ ಓಡಿಸಿ ನೋಡಿದೆ. ಕಕ್ಷಿದಾರರ ಹೆಸರುಗಳ ಸಮೇತ ಪಿಡಿಎಫ್ ಕಡತಗಳು ಸಾಲಾಗಿ ಬಂದು ನಿಂತವು, ತೆರೆದರೆ ಸಹಿಯೂ ಸ್ಪಷ್ಟವಾಗಿ ಕಂಡಿತು. ಡೆಸ್ಕ್‌ಟಾಪ್‌ಗಳಲ್ಲಿ 1 ಟಿಬಿಯ ತಿರುಗುವ ಡಿಸ್ಕ್ ಇದೆ, ಲ್ಯಾಪ್‌ಟಾಪಿನಲ್ಲಿ ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ. ಯಾರ ಕೈಗೂ ಏನೂ ಸಿಗದಂತೆ ಅಳಿಸುವ ದಾರಿ ತಿಳಿಸಬೇಕು.

ಉತ್ತರ (ಬೆಳಗಾವಿ, ಕಂಪ್ಯೂಟರ್ ದುರಸ್ತಿ)

ಡಿಲೀಟ್ ಆಗಲಿ, ಕ್ವಿಕ್ ಫಾರ್ಮ್ಯಾಟ್ ಆಗಲಿ, ಕಡತ ಎಲ್ಲಿದೆ ಎಂಬ ಸೂಚಿಯನ್ನು ಮಾತ್ರ ತೆಗೆಯುತ್ತದೆ. ಹೊಸದೇನಾದರೂ ಅದೇ ಜಾಗದಲ್ಲಿ ಬರೆಯುವವರೆಗೆ ಮೂಲ ಮಾಹಿತಿ ಡಿಸ್ಕಿನೊಳಗಿನ ತಟ್ಟೆಯ ಮೇಲೆ ಹಾಗೆಯೇ ಇರುತ್ತದೆ. ತಿರುಗುವ ಡಿಸ್ಕಿಗೆ ಪರಿಹಾರವೆಂದರೆ ಮೊದಲಿನಿಂದ ಕೊನೆಯವರೆಗೆ ಸೊನ್ನೆ ಬರೆದುಬಿಡುವುದು.

ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವಿನಿಂದ ಯಂತ್ರವನ್ನು ಬೂಟ್ ಮಾಡಿ, ಮೊದಲ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿದರೆ ಕಮಾಂಡ್ ಕಿಟಕಿ ತೆರೆಯುತ್ತದೆ. ಅಲ್ಲಿ ‘ಡಿಸ್ಕ್‌ಪಾರ್ಟ್’, ನಂತರ ‘ಲಿಸ್ಟ್ ಡಿಸ್ಕ್’ ಕೊಟ್ಟು, ಗಾತ್ರ ನೋಡಿ ಡಿಸ್ಕ್ ಗುರುತಿಸಿ, ‘ಸೆಲೆಕ್ಟ್ ಡಿಸ್ಕ್’ ಜೊತೆಗೆ ಅದರ ಸಂಖ್ಯೆ ಕೊಟ್ಟು, ಕೊನೆಗೆ ‘ಕ್ಲೀನ್ ಆಲ್’ ಎಂದು ಬರೆಯಿರಿ. ಬರೀ ‘ಕ್ಲೀನ್’ ಎಂದರೆ ವಿಭಾಗಗಳ ಪಟ್ಟಿಯಷ್ಟೇ ಹೋಗುತ್ತದೆ, ಆ ‘ಆಲ್’ ಇದ್ದರೇನೇ ಇಡೀ ಡಿಸ್ಕಿಗೆ ಸೊನ್ನೆ ಬೀಳುತ್ತದೆ. ಬ್ಯಾಕಪ್ ಇರುವ ಬೇರೆ ಡಿಸ್ಕುಗಳನ್ನು ಮೊದಲೇ ಕಿತ್ತಿಡಿ, ಏಕೆಂದರೆ ಈ ಆಜ್ಞೆ ‘ಖಚಿತವೇ?’ ಎಂದು ಕೇಳುವುದಿಲ್ಲ. ಸೆಕೆಂಡಿಗೆ 100ರಿಂದ 150 ಎಂಬಿ ವೇಗವಿದ್ದರೆ 1 ಟಿಬಿಗೆ ಎರಡರಿಂದ ಮೂರು ತಾಸು ಹಿಡಿಯುತ್ತದೆ, ಅಲ್ಲಿಯವರೆಗೆ ಪರದೆಯ ಮೇಲೆ ಏನೂ ಕದಲುವುದಿಲ್ಲ. ಯಂತ್ರ ನಿಂತಿದೆಯೆಂದು ಆಫ್ ಮಾಡಬೇಡಿ. ಕರೆಂಟ್ ಹೋದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ, ಯುಪಿಎಸ್ ಇರಲಿ.

ಪೂರ್ತಿ ಅಳಿಸಲು 35 ಸಲ ಮೇಲೆ ಬರೆಯಬೇಕು ಎಂದು ಕೆಲವರು ಹೇಳುವುದುಂಟು. ಆ ಮಾತು 1996ರಲ್ಲಿ ಕಂಪ್ಯೂಟರ್ ಭದ್ರತಾ ಸಂಶೋಧಕ ಪೀಟರ್ ಗುಟ್‌ಮನ್ ಬರೆದ ಪ್ರಬಂಧದಿಂದ ಬಂದದ್ದು. ಅಂದಿನ ಹಲವು ಬಗೆಯ ಡಿಸ್ಕುಗಳನ್ನೆಲ್ಲ ಗಮನದಲ್ಲಿಟ್ಟು ಅದನ್ನು ರೂಪಿಸಿದ್ದರು, ಈಗಿನವಕ್ಕೆ ಅದು ಬೇಕಿಲ್ಲವೆಂದು ಅವರೇ ನಂತರ ಸ್ಪಷ್ಟಪಡಿಸಿದ್ದಾರೆ. ನಿಮಗೆ ಒಂದು ಸಲ ಸಾಕು.

ಉತ್ತರ (ವಿಜಯಪುರ, ಕಾಲೇಜು ಪ್ರಯೋಗಾಲಯ)

ಮೇಲಿನ ವಿಧಾನವನ್ನು ದಯವಿಟ್ಟು ಎಸ್‌ಎಸ್‌ಡಿಗೆ ನೆಚ್ಚಿಕೊಳ್ಳಬೇಡಿ. ಮಾಹಿತಿ ಹಿಡಿದಿಡುವ ಅದರ ಕೋಶಗಳು ಸಮನಾಗಿ ಸವೆಯಲಿ ಎಂದು ಒಳಗಿನ ಕಂಟ್ರೋಲರ್ (ನಿಯಂತ್ರಕ ಚಿಪ್) ಪ್ರತಿ ಬರಹವನ್ನೂ ಹೊಸ ಜಾಗಕ್ಕೆ ಕಳಿಸುತ್ತದೆ, ಜೊತೆಗೆ ವಿಂಡೋಸ್‌ಗೆ ಕಾಣದ ಮೀಸಲು ಜಾಗವೂ ಇರುತ್ತದೆ. ನೀವು ಸೊನ್ನೆ ತುಂಬಿದ ಮೇಲೂ ಹಳೆಯ ತುಣುಕುಗಳು ಅಲ್ಲಿ ಉಳಿದಿರಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಶಾಖೆಯ ಸಂಶೋಧಕರು 2011ರಲ್ಲಿ ಎಸ್‌ಎಸ್‌ಡಿಗಳ ಚಿಪ್‌ಗಳನ್ನೇ ನೇರವಾಗಿ ಓದಿ ಇದನ್ನು ತೋರಿಸಿದರು.

ಮೊದಲು ವಿಂಡೋಸ್‌ನ ಗೂಢಲಿಪಿ ಸೌಲಭ್ಯವಾದ ಬಿಟ್‌ಲಾಕರ್‌ನಲ್ಲಿ ಬಳಸಿದ ಜಾಗವನ್ನಷ್ಟೇ ಅಲ್ಲದೆ ಸಂಪೂರ್ಣ ಡ್ರೈವನ್ನು ಗೂಢಲಿಪಿಗೆ ಬದಲಿಸಿ, ಅದು ಮುಗಿದ ಬಳಿಕ ಲ್ಯಾಪ್‌ಟಾಪಿನ ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪರದೆ) ಅಥವಾ ಎಸ್‌ಎಸ್‌ಡಿ ತಯಾರಕರ ತಂತ್ರಾಂಶದಲ್ಲಿ ಇರುವ ‘ಸೆಕ್ಯೂರ್ ಇರೇಸ್’ ಅಥವಾ ‘ಸ್ಯಾನಿಟೈಜ್’ ಆಯ್ಕೆಯನ್ನು ಬಳಸಿ. ಆಗ ಅಳಿಸುವ ಆಜ್ಞೆ ಕಂಟ್ರೋಲರ್‌ಗೇ ಹೋಗುತ್ತದೆ, ಅದು ಮೀಸಲು ಜಾಗವನ್ನೂ ತಲುಪಬಲ್ಲದು. ಅದೇ ಅಧ್ಯಯನದಲ್ಲಿ ಕೆಲವು ಡ್ರೈವುಗಳು ಈ ಆಜ್ಞೆಯನ್ನು ಸರಿಯಾಗಿ ಪಾಲಿಸಿರಲಿಲ್ಲ, ಅದಕ್ಕಾಗಿಯೇ ಎರಡೂ ಮಾಡಿ ಎನ್ನುತ್ತೇನೆ. ಬಳಿಕ ವಿಂಡೋಸ್ ಹೊಸದಾಗಿ ಹಾಕಿ ಕೊಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಒಂದು ಡೆಸ್ಕ್‌ಟಾಪ್ ಮುಗಿಯಿತು, ರಿಕವರಿ ತಂತ್ರಾಂಶಕ್ಕೆ ಈಗ ಒಂದೂ ಕಡತ ಸಿಗುತ್ತಿಲ್ಲ. ಆದರೆ ಇನ್ನೊಂದರ ಡಿಸ್ಕ್ ಟಕ್ ಟಕ್ ಸದ್ದು ಮಾಡಿ, ಇನ್‌ಪುಟ್ ಔಟ್‌ಪುಟ್ ದೋಷ ತೋರಿಸಿ ನಡುವೆಯೇ ನಿಂತುಬಿಡುತ್ತದೆ. ಅದನ್ನು ಹಾಗೆಯೇ ಮರಳಿಸಬಹುದೇ?

ಉತ್ತರ (ಬೆಳಗಾವಿ, ಕಂಪ್ಯೂಟರ್ ದುರಸ್ತಿ)

ಖಂಡಿತ ಬೇಡ. ನಿಮ್ಮಿಂದ ಬರೆಯಲಾಗದ ಡಿಸ್ಕನ್ನು ಸಲಕರಣೆ ಇರುವವರು ಓದಬಲ್ಲರು. ಕಕ್ಷಿದಾರರ ದಾಖಲೆಗಳಿರುವಾಗ ಅಷ್ಟು ಅಪಾಯ ಹೊರುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಾಲೀಕರಿಗೆ ವಿಷಯ ತಿಳಿಸಿ, ಅಷ್ಟೇ ಸಾಮರ್ಥ್ಯದ ಡಿಸ್ಕ್ ಹಾಕಿಕೊಡಿ ಇಲ್ಲವೇ ಅದರ ಬೆಲೆ ಕಟ್ಟಿ ಹಳೆಯದನ್ನು ನೀವೇ ಇಟ್ಟುಕೊಳ್ಳಿ. ಬಳಿಕ ಅದನ್ನು ಬಿಚ್ಚಿ ಒಳಗಿನ ತಟ್ಟೆಗಳನ್ನು ಹಲವು ಕಡೆ ಡ್ರಿಲ್ ಮಾಡಿ ಬಗ್ಗಿಸಿದರಾಯಿತು. ಡೆಸ್ಕ್‌ಟಾಪ್ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ಅಲ್ಯೂಮಿನಿಯಂ. ಕೆಲವು ಗಾಜಿನವೂ ಇರುತ್ತವೆ, ಲ್ಯಾಪ್‌ಟಾಪ್ ಗಾತ್ರದವುಗಳಲ್ಲಂತೂ ಗಾಜೇ ಹೆಚ್ಚು, ಚೂರು ಸಿಡಿಯುವುದರಿಂದ ಕಣ್ಣಿಗೆ ರಕ್ಷಣೆ ಇರಲಿ. ಉಳಿದದ್ದನ್ನು ಗುಜರಿಗೆ ಹಾಕದೆ ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆಯವರಿಗೆ ಕೊಡಿ.

ಉತ್ತರ (ವಿಜಯಪುರ, ಕಾಲೇಜು ಪ್ರಯೋಗಾಲಯ)

ಇನ್ನೊಂದು ಮಾತು. ಜಿಎಸ್‌ಟಿ ಕಾನೂನಿನಂತೆ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಉಳಿಸಿಕೊಳ್ಳಬೇಕು, ಆದ್ದರಿಂದ ಲ್ಯಾಪ್‌ಟಾಪ್ ಅಳಿಸುವ ಮುನ್ನ ಬ್ಯಾಕಪ್‌ನ ಕಡತಗಳನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿ. ಝೆರಾಕ್ಸ್ ಯಂತ್ರವೂ ಬಾಡಿಗೆಯದಾಗಿದ್ದರೆ ಅದರ ಒಳಗೂ ಹಾರ್ಡ್ ಡಿಸ್ಕ್ ಇರಬಹುದು, ಸ್ಕ್ಯಾನ್ ಮಾಡಿದ ಪುಟಗಳು ಅದರಲ್ಲಿ ಉಳಿದಿರುತ್ತವೆ. ಒಪ್ಪಿಸುವಾಗ ಪ್ರತಿ ಡಿಸ್ಕಿನ ಸೀರಿಯಲ್ ಸಂಖ್ಯೆ ಬರೆದ ರಸೀದಿಗೆ ಮಾಲೀಕರ ಸಹಿ ಪಡೆಯಿರಿ.