ಬೋಗಾದಿಯ ಗ್ಯಾರೇಜು: ಮರಗೆಲಸವೂ ಯೆಜ್ಡಿಯೂ ಒಂದೇ ಕೊಠಡಿಯಲ್ಲಿ ಸಾಧ್ಯವೇ?

ಪ್ರಶ್ನೆ: ಬೋಗಾದಿ ಮನೆ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಬೋಗಾದಿಯಲ್ಲಿರುವ ನಮ್ಮ 40×60 ಅಡಿಯ ನಿವೇಶನದಲ್ಲಿ, ಮನೆಯ ಪಕ್ಕಕ್ಕೆ 12 ಅಡಿ ಅಗಲ ಮತ್ತು 22 ಅಡಿ ಉದ್ದದ ಗ್ಯಾರೇಜೊಂದನ್ನು ಕಟ್ಟಿಸಲು ಹೊರಟಿದ್ದೇನೆ. ಕಾರು ಪೋರ್ಟಿಕೊದಲ್ಲೇ ನಿಲ್ಲುವುದರಿಂದ ಈ ಕೊಠಡಿ ಸಂಪೂರ್ಣವಾಗಿ ಕೆಲಸಕ್ಕೇ ಮೀಸಲು.

ಎರಡು ಕೆಲಸಗಳು ನನ್ನ ಮನಸ್ಸಿನಲ್ಲಿವೆ. ಹತ್ತು ವರ್ಷಗಳಿಂದ ತಾರಸಿಯ ಮೇಲೆ ಬಿಸಿಲಿಗೆ ಮೈಯೊಡ್ಡಿ ಮಾಡುತ್ತಿರುವ ಮರಗೆಲಸಕ್ಕೆ ಒಂದು ನೆಲೆ ಬೇಕು. ಇದುವರೆಗೆ ಎರಡು ಕಪಾಟು, ಒಂದು ಊಟದ ಮೇಜು ಮತ್ತು ಹಲವು ಪೀಠಗಳನ್ನು ಮಾಡಿದ್ದೇನೆ. ಇನ್ನೊಂದು, ನಮ್ಮ ತಂದೆಯವರ ಹಳೆಯ ಯೆಜ್ಡಿ ಬೈಕು. ಅದನ್ನು ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಅವರು ಅದನ್ನು ಬಹುಕಾಲ ಓಡಿಸಿದರು. ಅವರು ತೀರಿಕೊಂಡ ನಂತರ ಆರು ವರ್ಷಗಳಿಂದ ಅದು ಟಾರ್ಪಾಲಿನ ಕೆಳಗೆ ನಿಂತಿದೆ. ಅದನ್ನು ಪೂರ್ತಿ ಬಿಚ್ಚಿ, ನನ್ನ ಕೈಯಿಂದಲೇ ಸರಿಪಡಿಸಿ, ಮತ್ತೆ ಚಾಮುಂಡಿ ಬೆಟ್ಟದ ರಸ್ತೆಗೆ ಇಳಿಸಬೇಕೆಂದಿದ್ದೇನೆ.

ಮೇಸ್ತ್ರಿಯವರು ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಹಾಕಿಸೋಣ, ಬೈಕಿನ ಕೆಳಗೆ ನಿಂತು ಕೆಲಸ ಮಾಡಲು ಒಂದು ಗುಂಡಿಯನ್ನೂ ತೆಗೆಸೋಣ ಎನ್ನುತ್ತಿದ್ದಾರೆ. ಕಟ್ಟಡದ ಖರ್ಚನ್ನು ಬಿಟ್ಟು ಒಳಗಿನ ವ್ಯವಸ್ಥೆಗೆ ಎರಡೂವರೆ ಲಕ್ಷ ರೂಪಾಯಿ ಎತ್ತಿಟ್ಟಿದ್ದೇನೆ. ಒಮ್ಮೆ ಕಟ್ಟಿದ ಮೇಲೆ ಬದಲಿಸಲಾಗದ ಸಂಗತಿಗಳು ಯಾವುವು, ಮೊದಲು ಯಾವುದಕ್ಕೆ ಹಣ ಹಾಕಬೇಕು, ಯಾವ ಯಂತ್ರಗಳನ್ನು ಸದ್ಯಕ್ಕೆ ಬಿಡಬಹುದು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ: ಇಟ್ಟಿಗೆಗೂಡು ಇಂಜಿನಿಯರ್

ನಮಸ್ಕಾರ ಸರ್. ನಾನು ಕಟ್ಟಡಗಳ ವಿನ್ಯಾಸ ಮಾಡುವವಳು. ಯಂತ್ರಗಳ ವಿಚಾರ ನನಗಿಂತ ಬಲ್ಲವರು ಹೇಳಲಿ, ನಾನು ನೆಲ, ಸೂರು ಮತ್ತು ಬಾಗಿಲುಗಳ ಬಗ್ಗೆ ಬರೆಯುತ್ತೇನೆ.

ಟೈಲ್ಸ್ ಖಂಡಿತ ಬೇಡ. ಸುತ್ತಿಗೆಯೊಂದು ಕೈಜಾರಿ ಬಿದ್ದರೆ ಒಡೆಯುತ್ತದೆ, ಎಣ್ಣೆ ಚೆಲ್ಲಿದರೆ ಕಾಲು ನಿಲ್ಲುವುದಿಲ್ಲ. ತುಂಬಿದ ಮಣ್ಣಿಗೆ ಪದರ ಪದರವಾಗಿ ನೀರು ಹಾಕಿ ದಮ್ಮಸು ಹೊಡೆಸಿ. ಇದರಲ್ಲಿ ಅವಸರ ಮಾಡಿದರೆ ಎರಡನೆಯ ಮಳೆಗಾಲಕ್ಕೆ ನೆಲ ಕುಸಿದು ಬಿರುಕು ಕಾಣಿಸಿಕೊಳ್ಳುತ್ತದೆ. ಅದರ ಮೇಲೆ ಜಲ್ಲಿಯ ಹಾಸು, ತೇವ ಮೇಲೇರದಂತೆ ದಪ್ಪ ಪ್ಲಾಸ್ಟಿಕ್ ಹಾಳೆ, ಆಮೇಲೆ ಕಬ್ಬಿಣದ ಜಾಲರಿಯಿಟ್ಟು 5 ಇಂಚು ದಪ್ಪಕ್ಕೆ 1:2:4 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟು. ಮೇಲ್ಮೈಯನ್ನು ಯಂತ್ರದಿಂದ ಉಜ್ಜಿಸಿ ನುಣುಪು ಮಾಡಿಸಿ, ಕನಿಷ್ಠ ಹತ್ತು ದಿನ ನೀರು ಕಟ್ಟಿ ನಿಲ್ಲಿಸಿ. ಗೆದ್ದಲಿನ ಔಷಧವನ್ನು ಕಾಂಕ್ರೀಟು ಹಾಕುವುದಕ್ಕೆ ಮುಂಚೆಯೇ ಮಣ್ಣಿಗೆ ಹಾಕಿಸಬೇಕು. ಮರ ರಾಶಿ ಹಾಕುವ ಕೊಠಡಿಯಲ್ಲಿ ಇದನ್ನು ಮರೆತವರು ಆಮೇಲೆ ನೆಲಕ್ಕೆ ತೂತು ಕೊರೆಸಿ ಔಷಧ ತುಂಬಿಸುವುದನ್ನು ನಾನು ನೋಡಿದ್ದೇನೆ.

ಕಾರು ನಿಲ್ಲುವ ಗ್ಯಾರೇಜಿನಲ್ಲಿ ನೀರು ಹರಿದುಹೋಗಲೆಂದು ನೆಲಕ್ಕೆಲ್ಲ ಇಳಿಜಾರು ಕೊಡುವುದು ರೂಢಿ. ನೂರಕ್ಕೆ ಒಂದರ ಇಳಿಜಾರು ಎಂದರೂ 22 ಅಡಿಗೆ ಎರಡೂವರೆ ಇಂಚು ತಗ್ಗುತ್ತದೆ. ಅಂತಹ ನೆಲದ ಮೇಲೆ ನೀವು ಪ್ರತಿಯೊಂದು ಮೇಜಿನ ಕಾಲಿಗೂ ಚಕ್ಕೆ ಕೊಡುತ್ತಾ ಕೂರಬೇಕಾಗುತ್ತದೆ. ಬಾಗಿಲ ಬಳಿಯ 5 ಅಡಿಗೆ ಮಾತ್ರ ಇಳಿಜಾರು ಕೊಟ್ಟು, ಉಳಿದುದನ್ನು ಮಟ್ಟವಾಗಿಡಿ. ಅಂಗಳಕ್ಕಿಂತ ನೆಲ 6 ಇಂಚಾದರೂ ಎತ್ತರದಲ್ಲಿರಲಿ. ನಮ್ಮಲ್ಲಿ ಮೇ ಮತ್ತು ಅಕ್ಟೋಬರ್ ತಿಂಗಳ ಮಳೆ ಗಾಳಿಯೊಡನೆ ಓರೆಯಾಗಿ ಹೊಡೆಯುತ್ತದೆ, ರೋಲಿಂಗ್ ಷಟರಿನ ತಳದ ಸಂದು ಅದನ್ನು ತಡೆಯುವುದಿಲ್ಲ. ಮೇಲೊಂದು ಎರಡೂವರೆ ಅಡಿಯ ಸಜ್ಜೆ ಬೇಕೇ ಬೇಕು.

ತಾರಸಿ ಆರ್‌ಸಿಸಿಯೇ ಆಗಲಿ. ತಗಡಿನ ಕೆಳಗೆ ಮಾರ್ಚಿನ ನಂತರ ಮಧ್ಯಾಹ್ನ ನಿಲ್ಲಲಾಗುವುದಿಲ್ಲ. ಒಳಎತ್ತರ 10 ಅಡಿ ಇರಲಿ, ಏಕೆಂದರೆ 8×4 ಅಡಿಯ ಪ್ಲೈವುಡ್ ಹಾಳೆಯ ಕರ್ಣವೇ ಸುಮಾರು 9 ಅಡಿ. ತಾರಸಿ ತಗ್ಗಿದ್ದರೆ ಹಾಳೆಯನ್ನು ನೆಟ್ಟಗೆ ನಿಲ್ಲಿಸುವಾಗ ಮೂಲೆ ತಾಗುತ್ತದೆ. ಉತ್ತರದ ಗೋಡೆಗೆ ಅಗಲವಾದ ಕಿಟಕಿಯಿಡಿ. ಅದರ ಕೆಳಗೋಡೆ ಮೂರೂವರೆ ಅಡಿ ಇದ್ದರೆ ಕೆಲಸದ ಮೇಜು ಅಲ್ಲೇ ಕೂರುತ್ತದೆ.

ಕೊನೆಯದಾಗಿ, ನಿಮ್ಮ ನೀರಿನ ಸಂಪು ಎಲ್ಲಿದೆ? ಅದರ ಮುಚ್ಚಳ ಈ ಕೊಠಡಿಯೊಳಗೆ ಬರದಂತೆ ನೋಡಿಕೊಳ್ಳಿ. ಮನೆಯವರೆಲ್ಲ ಕುಡಿಯುವ ನೀರಿಗೆ ಮರದ ಪುಡಿಯೂ ಎಣ್ಣೆಯೂ ಸೇರಬಾರದು.

ಉತ್ತರ: ಮಂಡ್ಯದ ಫಿಟ್ಟರ್

ಇಂಜಿನಿಯರ್ ಮೇಡಂ ನೆಲದ ಬಗ್ಗೆ ಹೇಳಿದ ಒಂದೊಂದು ಮಾತನ್ನೂ ಒಪ್ಪುತ್ತೇನೆ. ಗುಂಡಿಯ ವಿಚಾರವನ್ನು ನಾನು ಹೇಳಿಬಿಡುತ್ತೇನೆ: ತೆಗೆಸಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ; ಅದು ನೆಲದ ಮೇಲೆ ತೆವಳಿ ತಗ್ಗಿಗೆ ಸೇರುತ್ತದೆ. ಗಾಳಿಯಾಡದ ಗುಂಡಿಯಲ್ಲಿ ಆ ಆವಿ ತುಂಬಿರುವಾಗ ಒಂದು ದೀಪದ ಕಿಡಿ ಸಾಕು. ಅಲ್ಲದೆ ಬೈಕಿಗೆ ಗುಂಡಿಯ ಅಗತ್ಯವೇ ಇಲ್ಲ. ಯೆಜ್ಡಿಯ ತೂಕ ಹೆಚ್ಚೆಂದರೆ 140 ಕಿಲೋ. ಎರಡು ಅಡಿ ಎತ್ತರದ ಗಟ್ಟಿ ಕಟ್ಟೆಯ ಮೇಲೋ, ಕಾಲಿನಿಂದ ಒತ್ತಿ ಏರಿಸುವ ಲಿಫ್ಟಿನ ಮೇಲೋ ಅದನ್ನು ಹತ್ತಿಸಿದರೆ ನೀವು ಸ್ಟೂಲಿನ ಮೇಲೆ ಕುಳಿತೇ ಇಂಜಿನ್ ಬಿಚ್ಚಬಹುದು.

ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ನಾನು ಸಕ್ಕರೆ ಕಾರ್ಖಾನೆಯೊಂದರ ಯಂತ್ರ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವನು. ಮರ ಮತ್ತು ಕಬ್ಬಿಣ ಒಂದೇ ಕೋಣೆಯಲ್ಲಿ ಹೊಂದಿಕೊಂಡು ಬಾಳುವುದಿಲ್ಲ, ಹೊಂದಿಸಬೇಕಾದವರು ನಾವು. ಗ್ರೈಂಡರಿನ ಕಿಡಿಗಳು ನಾಲ್ಕೈದು ಅಡಿಯಲ್ಲ, ಕೊಠಡಿಯ ಆ ತುದಿಯವರೆಗೂ ಹಾರುತ್ತವೆ. ನಿವೃತ್ತನಾದ ಮೊದಲ ವರ್ಷ ನನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಆ್ಯಂಗಲ್ ತುಂಡನ್ನು ಕತ್ತರಿಸಿ, ಬಾಗಿಲು ಹಾಕಿ ಊಟಕ್ಕೆ ಹೋದೆ. ಸಂಜೆ ಬಾಗಿಲು ತೆಗೆದರೆ ಹೊಗೆ. ಹಲಗೆಗಳ ಹಿಂದೆ ಸೇರಿದ್ದ ಮರದ ಹೊಟ್ಟಿನೊಳಗೆ ಒಂದು ಕಿಡಿ ನಾಲ್ಕು ಗಂಟೆ ಕಾಲ ಸದ್ದಿಲ್ಲದೆ ಕೆಂಡವಾಗಿ ಕುಳಿತಿತ್ತು. ಬಾಗಿಲು ತೆಗೆಯುವುದು ಇನ್ನಷ್ಟು ತಡವಾಗಿದ್ದರೆ ಶೆಡ್ಡು ಉಳಿಯುತ್ತಿರಲಿಲ್ಲ.

ಆದ್ದರಿಂದ ಗ್ರೈಂಡರ್ ಮತ್ತು ವೆಲ್ಡಿಂಗ್ ಕೆಲಸವನ್ನು ಕೊಠಡಿಯೊಳಗೆ ಇಟ್ಟುಕೊಳ್ಳಲೇಬೇಡಿ. ಷಟರಿನ ಮುಂದೆ, ಆ ಸಜ್ಜೆಯ ಕೆಳಗೆ ಒಂದು ಸಿಮೆಂಟಿನ ಕಟ್ಟೆ ಮಾಡಿಸಿ, ಅಲ್ಲೊಂದು 6 ಇಂಚಿನ ಬೆಂಚ್ ವೈಸ್ ಕೂರಿಸಿ, ಮಳೆ ತಾಗದ ಮುಚ್ಚಳವಿರುವ ಪ್ಲಗ್ ಪಾಯಿಂಟ್ ಕೊಡಿಸಿ. ಪೆಟ್ರೋಲ್ ಟ್ಯಾಂಕು ತೊಳೆಯುವುದು, ಕಾರ್ಬುರೇಟರ್ ಬಿಚ್ಚುವುದು ಕೂಡ ಹೊರಗೇ, ಆದರೆ ಕಿಡಿಯ ಕೆಲಸವಿಲ್ಲದ ದಿನ.

ಮರದ ಪುಡಿ ಇಂಜಿನ್ನಿಗೂ ಶತ್ರುವೇ. ಎರಡು ಸ್ಟ್ರೋಕಿನ ಇಂಜಿನ್ನಿನಲ್ಲಿ ಪೆಟ್ರೋಲು, ಎಣ್ಣೆ, ಗಾಳಿಯ ಮಿಶ್ರಣ ಕ್ರ್ಯಾಂಕ್‌ಕೇಸಿನ ಮೂಲಕವೇ ಹಾದು ಸಿಲಿಂಡರಿಗೆ ಹೋಗುವುದರಿಂದ, ಜೋಡಿಸುವಾಗ ಒಳಗೆ ಉಳಿದ ಕಸ ನೇರವಾಗಿ ಬೇರಿಂಗುಗಳಿಗೆ ಸಿಗುತ್ತದೆ. ಇಂಜಿನ್ ತೆರೆದಿರುವಷ್ಟು ದಿನ ಗರಗಸ ಮುಟ್ಟುವುದಿಲ್ಲ ಎಂಬ ಕಟ್ಟುನಿಟ್ಟು ಇರಲಿ. ಬಿಚ್ಚಿದ ಭಾಗಗಳನ್ನು ಮುಚ್ಚಳವಿರುವ ಡಬ್ಬಿಗಳಲ್ಲಿ ಹಾಕಿ, ಮೇಲೆ ಹೆಸರು ಬರೆದಿಡಿ.

ಲೇತ್ ಕೊಳ್ಳುವ ಯೋಚನೆ ಬೇಡ. ಸಿಲಿಂಡರ್ ಬೋರಿಂಗನ್ನು ಲೇತ್ ಅಂಗಡಿಗೆ ಕೊಡಿ. ಕ್ರ್ಯಾಂಕ್ ಶಾಫ್ಟನ್ನು ಒತ್ತಿ ಜೋಡಿಸಿರುತ್ತಾರೆ. ಅದನ್ನು ಬಿಡಿಸಿ ಮತ್ತೆ ನೇರಗೊಳಿಸುವುದು ಮನೆಯ ಕೆಲಸವಲ್ಲ, ಅದನ್ನೇ ಬದುಕಾಗಿಸಿಕೊಂಡ ಹಳೆಯ ಜಾವಾ ಮೆಕ್ಯಾನಿಕ್‌ಗಳು ನಿಮ್ಮ ಮೈಸೂರಿನಲ್ಲಿಯೇ ಇದ್ದಾರೆ. ಒಳ್ಳೆಯ ಸ್ಪಾನರ್ ಸೆಟ್ಟು, ಟಾರ್ಕ್ ರೆಂಚು, ಮ್ಯಾಗ್ನೆಟ್ ಮತ್ತು ಕ್ಲಚ್ಚಿಗೆ ಬೇಕಾದ ಪುಲ್ಲರುಗಳಿಗೆ ಹಣ ಹಾಕಿ.

ಉತ್ತರ: ಹೆಬ್ಬಾಳು ವೈರ್‌ಮನ್

ಗೋಡೆಗೆ ಪ್ಲಾಸ್ಟರಿಂಗ್ ಆಗುವ ಮೊದಲೇ ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಮನೆಯೊಳಗಿನ ಯಾವುದೋ ಪ್ಲಗ್ಗಿನಿಂದ ಗ್ಯಾರೇಜಿಗೆ ತಂತಿ ಎಳೆಯಬೇಡಿ. ಮೀಟರ್ ಬೋರ್ಡಿನಿಂದ ನೇರವಾಗಿ 6 ಚದರ ಮಿಲಿಮೀಟರಿನ ತಾಮ್ರದ ತಂತಿ ತಂದು, ಕೊಠಡಿಗೆ ಪ್ರತ್ಯೇಕ ಡಿಸ್ಟ್ರಿಬ್ಯೂಷನ್ ಬೋರ್ಡ್ ಇಡಿಸಿ. ಅಲ್ಲಿಂದ ಯಂತ್ರಗಳ ಪಾಯಿಂಟುಗಳಿಗೆ 4, ದೀಪಗಳಿಗೆ 1.5 ಚದರ ಮಿಲಿಮೀಟರ್ ಸಾಕು.

ತಂತಿ ಏಕೆ ದಪ್ಪವಿರಬೇಕೆಂದು ಹಲವರು ಕೇಳುತ್ತಾರೆ. 2 ಎಚ್‌ಪಿ ಮೋಟಾರು ಓಡುವಾಗ ಸುಮಾರು 10 ಆಂಪಿಯರ್ ಎಳೆದರೂ ಹೊರಡುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. 15 ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರಿನ ತಂತಿ ಹಾಕಿದರೆ ಆ ಕ್ಷಣಕ್ಕೆ 20 ವೋಲ್ಟಿನಷ್ಟು ತಂತಿಯಲ್ಲೇ ಕಳೆದುಹೋಗುತ್ತದೆ. 4 ಚದರ ಮಿಲಿಮೀಟರಿನದಾದರೆ 8 ವೋಲ್ಟಿನ ಆಸುಪಾಸು. ಬೇಸಿಗೆಯ ಸಂಜೆ ವೋಲ್ಟೇಜೇ ಕಡಿಮೆಯಿರುವಾಗ ಈ ವ್ಯತ್ಯಾಸದಿಂದ ಮೋಟಾರು ಉಳಿಯುತ್ತದೆ ಅಥವಾ ಸುಡುತ್ತದೆ. ಇದೇ ಕಾರಣಕ್ಕೆ ಯಂತ್ರಗಳ ಎಂಸಿಬಿ (ಕರೆಂಟು ಮಿತಿಮೀರಿದಾಗ ತಾನೇ ಬೀಳುವ ಸ್ವಿಚ್ಚು) ‘ಸಿ’ ವರ್ಗದ್ದಾಗಿರಲಿ. ‘ಬಿ’ ವರ್ಗದ್ದು ಮೋಟಾರು ಹೊರಡುವಾಗಲೇ ಬೀಳಬಹುದು. ಇಡೀ ಕೊಠಡಿಗೆ, ಕರೆಂಟು ಸೋರಿದರೆ ತಕ್ಷಣ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕಡ್ಡಾಯ. ದೀಪದ ಸರ್ಕ್ಯೂಟು ಬೇರೆಯೇ ಇರಬೇಕು, ಏಕೆಂದರೆ ಗರಗಸದ ಬ್ಲೇಡು ತಿರುಗುತ್ತಿರುವಾಗ ಎಂಸಿಬಿ ಬಿದ್ದು ಕತ್ತಲಾದರೆ ಕೈ ಎಲ್ಲಿದೆಯೆಂದು ತಿಳಿಯುವುದಿಲ್ಲ.

ಕರೆಂಟು ಹೋಗಿ ಮರಳಿ ಬಂದಾಗ ಯಂತ್ರ ತಾನಾಗಿಯೇ ಓಡತೊಡಗದಂತೆ ತಡೆಯುವ ನೋ-ವೋಲ್ಟ್ ಸ್ವಿಚ್ಚನ್ನು ಪ್ರತಿ ದೊಡ್ಡ ಯಂತ್ರಕ್ಕೂ ಹಾಕಿಸಿ. ಪ್ಲಗ್ಗುಗಳನ್ನೆಲ್ಲ ನೆಲದಿಂದ 4 ಅಡಿ ಎತ್ತರಕ್ಕೆ ಇಡಿ. ಪೆಟ್ರೋಲಿನ ಆವಿಯ ಬಗ್ಗೆ ಮಂಡ್ಯದ ಯಜಮಾನರು ಹೇಳಿದ್ದಕ್ಕೂ ಇದು ಹೊಂದುತ್ತದೆ, ಗೋಡೆಗೆ ಒರಗಿಸಿದ ಹಲಗೆಗಳ ಹಿಂದೆ ಪ್ಲಗ್ಗು ಮರೆಯಾಗುವುದೂ ತಪ್ಪುತ್ತದೆ. ನಾಲ್ಕಡಿಯ 20 ವಾಟಿನ ಎಲ್‌ಇಡಿ ಟ್ಯೂಬುಗಳು ಒಟ್ಟು ಆರು, ಮೇಜಿನ ಮೇಲೆ ಪ್ರತ್ಯೇಕವಾಗಿ ಎರಡು ಇದ್ದರೆ ನೆರಳು ಬೀಳುವುದಿಲ್ಲ. ವಿದ್ಯುತ್ ಪೂರೈಸುವ ಸೆಸ್ಕ್ ಕಚೇರಿಯಲ್ಲಿ ಮಂಜೂರಾದ ಲೋಡನ್ನು ಹೆಚ್ಚಿಸಿಕೊಳ್ಳುವುದನ್ನು ಮರೆಯಬೇಡಿ.

ಬೋಗಾದಿ ಮನೆ

ಮೂವರಿಗೂ ಹೃದಯಪೂರ್ವಕ ವಂದನೆಗಳು. ಗುಂಡಿಯನ್ನೂ ಟೈಲ್ಸನ್ನೂ ಕೈಬಿಟ್ಟೆ. ಸಂಪು ಮನೆಯ ಮುಂಭಾಗದಲ್ಲಿದೆ, ಗ್ಯಾರೇಜಿಗೆ ಬರುವುದಿಲ್ಲ. 10 ಇಂಚು ಬ್ಲೇಡಿನ ಟೇಬಲ್ ಗರಗಸವನ್ನು ಎಲ್ಲಿ ನಿಲ್ಲಿಸಬೇಕು, ಪುಡಿಯನ್ನು ಹೇಗೆ ಹಿಡಿಯಬೇಕು ಎಂಬುದೊಂದು ಉಳಿದಿದೆ.

ಉತ್ತರ: ಮಂಡಿ ಮೊಹಲ್ಲಾ ಬಡಗಿ

ನಮ್ಮ ಮನೆತನ ಬೀಟೆ ಮರದ ಕುಸುರಿ ಕೆಲಸದ್ದು. ನಮ್ಮ ಹಿರಿಯರು ನೆಲದ ಮೇಲೆ ಕುಳಿತು, ಕಾಲಿನಿಂದ ಮರವನ್ನು ಹಿಡಿದು ಕೆಲಸ ಮಾಡುತ್ತಿದ್ದರು. ಅವರಿಗೆ ಒಂದು ಚಾಪೆಯಷ್ಟು ಜಾಗ ಸಾಕಾಗುತ್ತಿತ್ತು. ಯಂತ್ರ ಬಂದಾಗ ಮಾತ್ರ ಜಾಗದ ಲೆಕ್ಕ ಬೇರೆಯಾಗುತ್ತದೆ.

ಪುಡಿಯ ಮಾತನ್ನು ಮೊದಲು ಹೇಳುತ್ತೇನೆ, ಏಕೆಂದರೆ ಬೀಟೆಯ ಪುಡಿಯಿಂದ ಚರ್ಮ ಕೆರೆದು, ಉಸಿರು ಕಟ್ಟಿ, ಕೆಲಸವನ್ನೇ ಬಿಟ್ಟವರನ್ನು ನಾನು ಹತ್ತಿರದಿಂದ ಬಲ್ಲೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲೇ ಮರದ ಪುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಕಣ್ಣಿಗೆ ಕಾಣುವ ಹೊಟ್ಟು ನೆಲಕ್ಕೆ ಬೀಳುತ್ತದೆ. ಕಾಣದ ನುಣ್ಣನೆಯ ಪುಡಿ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಟೇಬಲ್ ಗರಗಸಕ್ಕೆ 4 ಇಂಚಿನ ಪೈಪಿನ ಡಸ್ಟ್ ಕಲೆಕ್ಟರ್ ಬೇಕು. ಪ್ಲಂಬರ್ ಅಂಗಡಿಯ 110 ಮಿಲಿಮೀಟರಿನ ಪಿವಿಸಿ ಪೈಪು ಅದಕ್ಕೆ ನಡೆಯುತ್ತದೆ, ತಿರುವುಗಳು ಎಷ್ಟು ಕಡಿಮೆಯೋ ಎಳೆತ ಅಷ್ಟು ಹೆಚ್ಚು. ಎದುರು ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಎನ್‌95 ಮಾಸ್ಕನ್ನು ತಪ್ಪದೆ ಧರಿಸಿ. ಇಷ್ಟಕ್ಕೆ ಹಣ ಸಾಲದಿದ್ದರೆ ಗರಗಸವನ್ನು ಒಂದು ವರ್ಷ ಮುಂದಕ್ಕೆ ಹಾಕುವುದೇ ಮೇಲು.

ಗರಗಸದ ಜಾಗವೆಂದರೆ ಯಂತ್ರದ ಅಳತೆಯಲ್ಲ, ಹಲಗೆಯ ಓಟ. 8 ಅಡಿಯ ಹಲಗೆಗೆ ಬ್ಲೇಡಿನ ಹಿಂದೆ 8 ಅಡಿ, ಮುಂದೆ 8 ಅಡಿ ಖಾಲಿ ಬೇಕು. ಷಟರಿನ ಕಡೆಗೆ ಮುಖಮಾಡಿ, ಹಲಗೆ ಬಾಗಿಲಿನಿಂದ ಹೊರಗೆ ಹೋಗುವಂತೆ ನಿಲ್ಲಿಸಿ, ಕೆಳಗೆ ಬ್ರೇಕಿರುವ ಗಾಲಿಗಳನ್ನು ಹಾಕಿ. ಬ್ಲೇಡಿನ ಹಿಂದೆ ನಿಂತು ಸೀಳನ್ನು ತೆರೆದಿಡುವ ತಗಡನ್ನು, ಅಂದರೆ ರೈವಿಂಗ್ ನೈಫನ್ನು, ಯಾವ ಕಾರಣಕ್ಕೂ ಬಿಚ್ಚಿಡಬೇಡಿ. ಸೀಳಿದ ಮರ ಮುಚ್ಚಿಕೊಂಡು ಬ್ಲೇಡಿಗೆ ಕಚ್ಚಿದರೆ ಹಲಗೆ ನಿಮ್ಮ ಹೊಟ್ಟೆಯ ಕಡೆಗೇ ಚಿಮ್ಮುತ್ತದೆ.

ಕೆಲಸದ ಮೇಜನ್ನು ಕೊಳ್ಳಬೇಡಿ, ಮಾಡಿಕೊಳ್ಳಿ. ಹುಣಸೆಯೋ ಮತ್ತಿಯೋ ಸಿಕ್ಕರೆ 3 ಇಂಚು ದಪ್ಪದ ಹಾಸು ಮಾಡಿ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಬರುವ ಎತ್ತರವೇ ಉಜ್ಜುಗೊರಡು ಹಿಡಿಯುವವರಿಗೆ ಸರಿಯಾದ ಎತ್ತರ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುತ್ತಾ ಅದು ತಾನೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಹೊರಗೆ ಹರಡಿ ಒಣಗಿಸಿ.

ಕಟ್ಟಡ ಏಳುವ ಮುನ್ನ ನಿಮ್ಮ ತಾರಸಿಯ ಮೇಲೆ ಸುಣ್ಣದ ಕಡ್ಡಿಯಿಂದ 12×22 ಅಡಿಯನ್ನು ಬರೆದು, ಯಂತ್ರಗಳ ಜಾಗಕ್ಕೆ ರಟ್ಟಿನ ಹಾಳೆಗಳನ್ನಿಟ್ಟು, 8 ಅಡಿಯ ಬಿದಿರು ಹಿಡಿದು ಓಡಾಡಿ ನೋಡಿ.

ಬೋಗಾದಿ ಮನೆ

ಬಡಗಿಯವರು ಹೇಳಿದಂತೆ ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಗೆರೆ ಎಳೆದು, ಮಗಳ ಜೊತೆ ಬಿದಿರು ಹಿಡಿದು ಓಡಾಡಿದೆ. ಷಟರು ನಡುವೆ ಇದ್ದರೆ ಹಲಗೆಯ ಓಟ ಯೆಜ್ಡಿಯ ಹ್ಯಾಂಡಲ್ಲಿಗೆ ತಾಗುತ್ತದೆ. ಆದ್ದರಿಂದ 8 ಅಡಿಯ ಷಟರನ್ನು ಪೂರ್ತಿ ಬಲಕ್ಕೆ ಸರಿಸಿ, ಎಡಮೂಲೆಯಲ್ಲಿ 4 ಅಡಿ ಅಗಲದ ಜಾಗವನ್ನು ಬೈಕು ನಿಲ್ಲಲು ಬಿಟ್ಟಿದ್ದೇನೆ. ಅದರ ಕೆಲಸ ನಡೆಯುವ ದಿನಗಳಲ್ಲಿ ಗರಗಸವನ್ನು ಹಿಂದಕ್ಕೆ ತಳ್ಳಿ, ಲಿಫ್ಟನ್ನು ನಡುವಿಗೆ ತಂದುಕೊಳ್ಳುತ್ತೇನೆ. ಮೊದಲ ವರ್ಷ ನೆಲ, ವೈರಿಂಗ್, ಮೇಜು ಮತ್ತು ಯೆಜ್ಡಿಯ ಉಪಕರಣಗಳು. ಡಸ್ಟ್ ಕಲೆಕ್ಟರಿಗೆ ಹಣ ಕೂಡಿದ ಮೇಲೆ ಗರಗಸ. ಬದಲಾದ ನಕ್ಷೆಯನ್ನು ಮೇಸ್ತ್ರಿಯವರಿಗೆ ಇವತ್ತು ಕೊಟ್ಟಿದ್ದೇನೆ, ಮಣ್ಣು ತುಂಬುವ ಕೆಲಸ ಗುರುವಾರ ಆರಂಭವಾಗುತ್ತದೆ.